ಶುಕ್ರವಾರದ ಪಾಳಿ

ಎದ್ದು ಹೋದರೆ ಮರ್ಯಾದೆ ಹೋಗುತ್ತದೆ, ಕೂತರೆ ಪ್ರಾಣ ಹೋಗುತ್ತದೆ ಎಂದು ಓಸ್ಮೊ ಲೆಕ್ಕ ಹಾಕುತ್ತಿದ್ದಾಗಲೇ ಕೌಕೊ ಕಾದ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಸುರಿದ. ಚುಸ್ಸೆಂದು ಎದ್ದ ಹಬೆ ಚಾವಣಿಗೆ ಬಡಿದು, ಬೇರೆ ಕೆಲಸವೇ ಇಲ್ಲದಂತೆ, ನೇರ ಓಸ್ಮೊನ ಕಿವಿಗಳಿಗೆ ಬಂದು ಕೂತಿತು.

ಸೌನಾ ಎಂಬ ಆ ಹಬೆಸ್ನಾನದ ಕೋಣೆಯಲ್ಲಿ, ಮೇಲಿನ ಹಲಗೆಯ ಮೇಲೆ, ನಾಲ್ವರು ಗಂಡಸರು ಬತ್ತಲೆ ಕೂತಿದ್ದರು. ಒಲೆಯ ಪಕ್ಕ ಕೌಕೊ. ನಲವತ್ತು ವರ್ಷ ತಾಂಪೆರೆಯಲ್ಲಿ ಸಿಟಿ ಬಸ್ಸು ಓಡಿಸಿದವನು, ಈಗ ಈ ಕಟ್ಟಡದ ಸಂಘದ ಅಧ್ಯಕ್ಷ. ಅವನ ಪಕ್ಕ ಪ್ಲಂಬರ್ ಹೆಮ್ಮೊ. ಆಮೇಲೆ ನಿವೃತ್ತ ನ್ಯಾಯಾಧೀಶ ಅರ್ಮಾಸ್, ಅವನ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಕೊನೆಯಲ್ಲಿ, ಗೋಡೆಗೆ ಒತ್ತಿಕೊಂಡು, ಸಮಾಜಶಾಸ್ತ್ರದ ಪ್ರಾಧ್ಯಾಪಕ ಓಸ್ಮೊ. ಸೌನಾದಲ್ಲಿ ಬಡವ ಬಲ್ಲಿದ ಎಲ್ಲರೂ ಹೇಗೆ ಸಮಾನರಾಗುತ್ತಾರೆ, ಮನುಷ್ಯ ಮನುಷ್ಯನಿಗೆ ಹೇಗೆ ಹತ್ತಿರವಾಗುತ್ತಾನೆ ಎಂದು ನಾನೂರು ಪುಟ ಬರೆದವನು ಇವನೇ. ಓದಿದವರು ಕಡಿಮೆ, ಹೊಗಳಿದವರು ಬಹಳ.

ಆ ಪುಸ್ತಕವೇ ಈಗ ಅವನ ಕುತ್ತಿಗೆಗೆ ಬಂದಿತ್ತು.

ಕಟ್ಟಡದ ನೆಲಮಾಳಿಗೆಯಲ್ಲಿ ಇರುವುದು ಒಂದೇ ಸೌನಾ. ಮನೆಗೊಂದರಂತೆ ವಾರಕ್ಕೊಂದು ಗಂಟೆಯ ಪಾಳಿ. ಶನಿವಾರ ಸಂಜೆ ಮಾತ್ರ ಯಾರು ಬೇಕಾದರೂ ಒಟ್ಟಿಗೆ ಬರಬಹುದು. ಓಸ್ಮೊನದು ಹನ್ನೊಂದು ವರ್ಷಗಳಿಂದ ಶುಕ್ರವಾರ ಏಳು ಗಂಟೆ. ಹೆಂಡತಿ ಬಿಟ್ಟು ಹೋದ ಮೇಲಿನ ಆರು ವರ್ಷಗಳಲ್ಲಿ ಆ ಗಂಟೆಯೇ ಅವನ ವಾರ. ಹಲಗೆಯ ಮೇಲೆ ಉದ್ದಕ್ಕೆ ಮಲಗುತ್ತಿದ್ದ. ಶ್ರುತಿ ತಪ್ಪಿ ಹಾಡುತ್ತಿದ್ದ. ವಿಚಾರಸಂಕಿರಣಗಳಲ್ಲಿ ತನ್ನ ಬಾಯಿ ಮುಚ್ಚಿಸಿದವರನ್ನೆಲ್ಲ ಕಲ್ಪನೆಯಲ್ಲಿ ಎದುರಿಗೆ ಕೂರಿಸಿಕೊಂಡು ವಾದ ಮಾಡುತ್ತಿದ್ದ, ಪ್ರತಿ ಸಲವೂ ಗೆಲ್ಲುತ್ತಿದ್ದ.

ಈಗ ಶುಕ್ರವಾರವನ್ನೂ ಎಲ್ಲರಿಗೂ ಬಿಟ್ಟುಕೊಡಬೇಕು ಎಂಬ ಸೂಚನೆ ಬಂದಿತ್ತು. ಲಿಫ್ಟಿನಲ್ಲಿ ಅಂಟಿಸಿದ ಆ ಕಾಗದದಲ್ಲಿ ಓಸ್ಮೊನ ಪುಸ್ತಕದ್ದೇ ಎರಡು ಸಾಲು ಎತ್ತಿ ಹಾಕಿದ್ದರು, ಪುಟಸಂಖ್ಯೆ ಸಮೇತ. ಬರೆದವನೇ ಬೇಡ ಅನ್ನಲು ಯಾವ ಬಾಯಿ? ಇವತ್ತೇ ಸಂಜೆ ಆರಕ್ಕೆ ಸಂಘದ ಸಮಿತಿ ತೀರ್ಮಾನ ಮಾಡುವುದಿತ್ತು. ಸಮಿತಿಯೆಂದರೆ ಈ ಹಲಗೆಯ ಮೇಲೆ ಕೂತಿದ್ದ ಉಳಿದ ಮೂವರೇ. ಇಬ್ಬರನ್ನಾದರೂ ಒಲಿಸಿಕೊಳ್ಳೋಣವೆಂದು ಓಸ್ಮೊ ಜೀವಮಾನದಲ್ಲಿ ಮೊದಲ ಸಲ ಶನಿವಾರದ ಸೌನಾಕ್ಕೆ ಇಳಿದು ಬಂದಿದ್ದ.

ಆದರೆ ಸೌನಾದಲ್ಲಿ ವ್ಯವಹಾರದ ಮಾತು ಆಡುವ ಹಾಗಿಲ್ಲ. ಅದನ್ನೂ ಅವನೇ ಐದನೇ ಅಧ್ಯಾಯದಲ್ಲಿ ಬರೆದು ಕೂತಿದ್ದ. ಹಾಗಾಗಿ ಮಾತಿನ ಬದಲು ಕೆಮ್ಮಿದ. ಮೊದಲ ಕೆಮ್ಮಿಗೆ ಹೆಮ್ಮೊ ನೆಗಡಿಯೇ ಎಂದು ವಿಚಾರಿಸಿದ. ಎರಡನೆಯದಕ್ಕೆ ಅರ್ಮಾಸ್ ಸ್ವಲ್ಪ ಅತ್ತ ಸರಿದ. ಮೂರನೆಯದನ್ನು ಯಾರೂ ಗಮನಿಸಲಿಲ್ಲ.

ಸೆಖೆ ಏರುತ್ತಲೇ ಇತ್ತು. ಮೊದಲು ಎದ್ದವನು ಸೋತಂತೆ ಎಂದು ಓಸ್ಮೊ ಹಲ್ಲು ಕಚ್ಚಿ ಕೂತ. ಹೊಸಬ ಏಳುವ ಮೊದಲೇ ತಾವು ಎದ್ದರೆ ಅವನಿಗೆ ಅವಮಾನವೆಂದು ಉಳಿದ ಮೂವರೂ ಕೂತರು. ಹೀಗೆ ನಾಲ್ವರೂ ಸೌಜನ್ಯದಿಂದ ಬೇಯುತ್ತಿದ್ದರು. ಕೊನೆಗೆ ಬೀಟ್‌ರೂಟ್ ಬಣ್ಣಕ್ಕೆ ತಿರುಗಿದ ನ್ಯಾಯಾಧೀಶ, ತನಗೆ ಹೃದಯದ ತೊಂದರೆ ಇದೆಯೆಂದು ಯಾರೂ ಕೇಳದಿದ್ದರೂ ಹೇಳಿ ಕೆಳಗಿಳಿದ. ಉಳಿದವರು ಮರುಕ್ಷಣವೇ ಹಿಂದೆ ಬಿದ್ದರು.

ಪಕ್ಕದ ಬಚ್ಚಲಲ್ಲಿ ಕೌಕೊ ಮಣೆಯ ಮೇಲೆ ಕುಕ್ಕರಿಸಿದವನೇ, ತಿರುಗಿಯೂ ನೋಡದೆ, ಬ್ರಷ್ಷನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದ.

"ಓಸ್ಮೊ, ಬೆನ್ನು ತಿಕ್ಕು ಸ್ವಲ್ಪ. ನನ್ ಕೈ ಅಷ್ಟು ಹಿಂದಕ್ಕೆ ಹೋಗಲ್ಲ."

ಮೆಟ್ಟಿಲ ಮೇಲೆ ಸಿಕ್ಕಾಗೆಲ್ಲ 'ಪ್ರೊಫೆಸರ್ ಸಾಹೇಬ್ರೇ' ಎನ್ನುತ್ತಿದ್ದ ಮನುಷ್ಯ. ಓಸ್ಮೊ ಬ್ರಷ್ಷು ತೆಗೆದುಕೊಂಡ. ಎದುರಿಗೆ ಬೆನ್ನೆಂಬುದು ಬಯಲಿನ ಹಾಗೆ ಹರಡಿಕೊಂಡಿತ್ತು. ಬಿಳಿ ಕೂದಲು, ಒಂದು ನರಹುಲಿ, ಸೊಂಟದ ಹತ್ತಿರ ಹಳೆಯ ಆಪರೇಷನ್ನಿನ ಗುರುತು. ಆರು ವರ್ಷಗಳಲ್ಲಿ ಕೈಕುಲುಕಿದ್ದು ಬಿಟ್ಟರೆ ಓಸ್ಮೊ ಇನ್ನೊಬ್ಬರ ಮೈ ಮುಟ್ಟಿರಲಿಲ್ಲ. ಮೇಲಿನಿಂದ ಕೆಳಕ್ಕೆ ತಿಕ್ಕಿದ, ಅಡ್ಡಕ್ಕೆ ತಿಕ್ಕಿದ, ಬಿಟ್ಟುಹೋಯಿತೇನೋ ಎಂದು ಮತ್ತೆ ಮೊದಲಿನಿಂದ ಶುರು ಮಾಡಿದ.

"ಸಾಕು ಮಾರಾಯ, ಒಳಗಿನ ಮೂಳೆ ಕಾಣ್ಸುತ್ತೆ," ಎಂದ ಕೌಕೊ.

ಎಲ್ಲರೂ ನಕ್ಕರು. ಓಸ್ಮೊನೂ ನಕ್ಕ, ತುಸು ತಡವಾಗಿ.

ಆಮೇಲೆ ಕೌಕೊ ನ್ಯಾಯಾಧೀಶನ ಬೆನ್ನಿಗೆ ಹೋದ. ಹೆಮ್ಮೊ ಏನೂ ಕೇಳದೆ ಓಸ್ಮೊನ ಹೆಗಲು ಹಿಡಿದು, ಪೈಪು ತಿರುಗಿಸುವ ಹಾಗೆ ಅವನನ್ನು ಗೋಡೆಯ ಕಡೆ ತಿರುಗಿಸಿದ. ಬ್ರಷ್ಷು ಕತ್ತಿನ ಕೆಳಗೆ ಬಂದು ನಿಂತಿತು.

"ಇಲ್ಲೊಂದು ಗಂಟು ಇದೆಯಲ್ಲೋ. ಯಾಕೆ ಇಷ್ಟು ಬಿಗಿ ಹಿಡ್ಕೊಂಡಿದೀಯ?"

"ಕೆಲಸ," ಎಂದ ಓಸ್ಮೊ.

"ಹ್ಞೂಂ," ಎಂದ ಹೆಮ್ಮೊ. ನಂಬಲಿಲ್ಲ. ಬರೀ ಹೆಬ್ಬೆರಳಿನಿಂದ ಅದನ್ನು ಒತ್ತಿ ಒತ್ತಿ ಬಿಡಿಸಿದ. ಓಸ್ಮೊನ ಕಣ್ಣು ತುಂಬಿ ಬಂತು, ಒಳಗೆ ಸೋಪು ಹೋಯಿತೆಂದು ಅವನು ಗೋಡೆಯ ಟೈಲಿಗೆ ಹೇಳಿದ. ಅವನಿಗೆ ಸಂತೋಷವಾಗಿತ್ತು. ತಾನು ಬರೆದ ನಾನೂರು ಪುಟವೂ ನಿಜವೆಂದು ಗೊತ್ತಾಗಿ ಗಾಬರಿಯೂ ಆಗಿತ್ತು. ಶುಕ್ರವಾರ ಹಾಳಾಗಿ ಹೋಗಲಿ, ಶುಕ್ರವಾರವೂ ಇವರೇ ಬರಲಿ, ಇವರ ಜೊತೆ ತಾನೂ ಬರುತ್ತೇನೆ ಎಂದು ಅಲ್ಲೇ ನಿಶ್ಚಯಿಸಿಬಿಟ್ಟ.

ಕೊನೆಯ ಸುತ್ತಿಗೆ ಮತ್ತೆ ಹಲಗೆ ಹತ್ತಿದಾಗ ಕೌಕೊ, ಆರು ಗಂಟೆಯವರೆಗೆ ಯಾಕೆ ಕಾಯಬೇಕು, ಸಮಿತಿ ಪೂರ್ತಿ ಇಲ್ಲೇ ಇದೆಯಲ್ಲ, ಮುಗಿಸಿಬಿಡೋಣ ಎಂದ. ಸಭೆಗೆ ಬಟ್ಟೆ ಕಡ್ಡಾಯವೆಂದು ಬೈಲಾದಲ್ಲಿ ಎಲ್ಲೂ ಹೇಳಿಲ್ಲ ಎಂದು ನ್ಯಾಯಾಧೀಶ ಗಂಭೀರವಾಗಿ ತೀರ್ಪು ಕೊಟ್ಟ.

ಓಸ್ಮೊ ಬಾಯಿ ತೆರೆದ. "ನನ್ನ ಶುಕ್ರವಾರದ ವಿಷಯ..."

"ಗೊತ್ತು, ಹೇಳ್ಬೇಡ," ಎಂದ ಕೌಕೊ. "ಎಷ್ಟು ಸಲ ಕೆಮ್ಮಿದೆ ನೀನು. ನಾವೇನು ಕಿವುಡ್ರಾ?"

"ಹಾಗಲ್ಲ, ನಾನು ಹೇಳ್ಬೇಕಂತಿದ್ದಿದ್ದು..."

"ನಾಚ್ಕೋಬೇಡ ಮಾರಾಯ. ಬೆನ್ನು ಇಷ್ಟು ಚೆನ್ನಾಗಿ ತಿಕ್ಕೋನಿಗೆ ಒಂದು ಗಂಟೆ ಕೊಡಕ್ಕಾಗಲ್ವಾ ನಮ್ ಕೈಲಿ?"

ಮೂರು ಒದ್ದೆ ಕೈಗಳು ಮೇಲೆದ್ದವು. ಶುಕ್ರವಾರ ಏಳು ಗಂಟೆ ಓಸ್ಮೊನಿಗೆ, ಅವನು ಇರುವಷ್ಟು ಕಾಲ. ಈಗ ನನಗೆ ಬೇಡ ಎಂದರೆ ಸಾಕಾಗಿತ್ತು. ಚೀಟಿ ನೋಡದೆ ಮುಕ್ಕಾಲು ಗಂಟೆ ಭಾಷಣ ಮಾಡಬಲ್ಲ ಓಸ್ಮೊ, "ಥ್ಯಾಂಕ್ಸ್," ಎಂದ.

ಅವರ ಒಳ್ಳೆಯತನ ಅಲ್ಲಿಗೆ ನಿಲ್ಲಲಿಲ್ಲ. ಹೆಮ್ಮೊ ಕೌಕೊನಿಗೆ ಮೊಣಕೈಯಿಂದ ತಿವಿದ, ಕೌಕೊ ನ್ಯಾಯಾಧೀಶನ ಕಡೆ ಹುಬ್ಬು ಹಾರಿಸಿದ, ಮೂವರೂ ಒಟ್ಟಿಗೆ ಎದ್ದರು. ಓಸ್ಮೊನೂ ಏಳಹೋದ. ಕೌಕೊ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ.

"ನೀನು ಕೂತ್ಕೊ. ಒಬ್ನೇ ಇದ್ರೇನೇ ನಿಂಗೆ ಆರಾಮ ಅಂತ ಗೊತ್ತಾಯ್ತಲ್ಲ. ಇನ್ನು ತೊಂದ್ರೆ ಕೊಡಲ್ಲ ನಾವು."

ಹೊರಡುವವರ ವಾಡಿಕೆಯಂತೆ ಕೊನೆಯ ಸೌಟು ನೀರು ಕಲ್ಲಿಗೆ ಸುರಿದು ಅವನು ಬಾಗಿಲು ಎಳೆದುಕೊಂಡ. ಆಚೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಟಲಿಗಳ ಮುಚ್ಚಳ ಹಾರಿದ ಸದ್ದಾಯಿತು. ಸಾಸೇಜು ಸುಡುವ ವಾಸನೆ ಬಂತು. ಯಾರೋ ಏನೋ ಹೇಳಿದರು, ಮೂವರೂ ನಕ್ಕರು. ಬಾಗಿಲು ಮೂರು ಹೆಜ್ಜೆ. ಈಗ ಎದ್ದು ಹೋದರೆ ಕೊಟ್ಟಿದ್ದನ್ನು ತಿರಸ್ಕರಿಸಿದಂತೆ ಆಗುತ್ತದೆ. ಹೋಗಿ ಏನೆಂದು ಹೇಳುವುದು? ವಾಕ್ಯವನ್ನು ಮನಸ್ಸಿನಲ್ಲಿ ಹಾಗೆ ಕಟ್ಟಿದ, ಹೀಗೆ ಕಟ್ಟಿದ. ಎಲ್ಲವೂ ಅಡಿಟಿಪ್ಪಣಿ ಬೇಡುತ್ತಿದ್ದವು.

ಹಲಗೆಯ ಮೇಲೆ ಮೂವರು ಕೂತೆದ್ದ ಒದ್ದೆ ಗುರುತುಗಳು ಸಾಲಾಗಿ ಉಳಿದಿದ್ದವು. ಒಲೆಯ ಕಡೆ ಕೌಕೊನದು ದೊಡ್ಡದು, ಮಧ್ಯದಲ್ಲಿ ಹೆಮ್ಮೊನದು, ಇತ್ತ ನ್ಯಾಯಾಧೀಶನದು ಎರಡು ಸಣ್ಣ ಚಂದ್ರಗಳು. ಬಿಸಿ ಮರ ಅವುಗಳನ್ನು ಅಂಚಿನಿಂದ ಹೀರುತ್ತ ಬಂತು. ಮೊದಲು ಇತ್ತಲಿನವು ಹೋದವು. ಆಮೇಲೆ ಮಧ್ಯದ್ದು ಹೋಯಿತು. ಕೌಕೊನದು ಅಂಗೈಯಷ್ಟಾಗಿ, ಬೆರಳಿನಷ್ಟಾಗಿ, ಕೊನೆಗೆ ಯಾವುದು ಒದ್ದೆ ಯಾವುದು ಮರದ ಬಣ್ಣ ಎಂದು ತಿಳಿಯದಾಯಿತು. ಓಸ್ಮೊ ಮೂವರಿಗೆ ಜಾಗ ಬಿಟ್ಟು, ಮೊಣಕಾಲು ಜೋಡಿಸಿಕೊಂಡು, ಗೋಡೆಗೆ ಒತ್ತಿಕೊಂಡೇ ಕೂತಿದ್ದ.