ಒಡಪಿನಲ್ಲಿ ಹೊರಬಿದ್ದ ಪಾಸ್‌ವರ್ಡ್

ನಮ್ಮ ದೇಗಾಂವದ ಚನ್ನವ್ವ ಹೊಲಿದ ಕೌದಿ ಹೊದ್ದರೆ ಮೂರು ದಿನ ಎಚ್ಚರವಾಗುವುದಿಲ್ಲ, ಅಷ್ಟು ಬೆಚ್ಚಗೆ. ಕೌದಿಗಳ ಫೋಟೋ ಫೇಸ್‌ಬುಕ್ಕಿಗೆ ಹಾಕಿ, ಕೆಳಗೆ ತನ್ನ ಫೋನ್ ನಂಬರು ಬರೆಯುತ್ತಾಳೆ.

ಮೊನ್ನೆ ಬೆಳಿಗ್ಗೆ ಅಳುತ್ತ ನನ್ನ ಹತ್ತಿರ ಬಂದಳು. ಆ ಕಣ್ಣೀರಿಗೆ ಮಲಪ್ರಭೆ ಉಕ್ಕಬೇಕು!

“ಆಯೀ, ನನ್ನ ಹೆಸರಿನ್ಯಾಗ ಯಾರೋ ಹೊಲಸು ಫೋಟೋ ಹಾಕ್ಯಾರ. ಸುರೇಬಾನದ ಬೀಗರು ನೋಡಿದ್ರ ನನ್ನ ಮಗಳು ಐಶ್ವರ್ಯಾ ಆ ಮನ್ಯಾಗ ಹ್ಯಾಂಗ ತಲಿ ಎತ್ತಬೇಕು? ಅಳಿಸಬೇಕಂದ್ರ ಫೇಸ್‌ಬುಕ್ಕು ನನ್ನನ್ನ ಒಳಗ ಬಿಡವಲ್ದು!”

ಗ್ರಂಥಾಲಯ ನೋಡಿಕೊಳ್ಳುವ ಸುಚೇತಾಳ ಹತ್ತಿರ ಎಳೆದುಕೊಂಡು ಹೋದೆ.

“ಪಾಸ್‌ವರ್ಡ್ ಏನಿಟ್ಟಿದ್ರಿ?” ಎಂದಳು ಸುಚೇತಾ.

ಚನ್ನವ್ವ ಸೆರಗು ಕಚ್ಚಿದಳು. “ನಮ್ಮ ಯಜಮಾನ್ರ ಹೆಸರ್ರಿ. ನಾ ಎಂದೂ ಬಾಯಿಬಿಟ್ಟು ಅನ್ನಂಗಿಲ್ಲ. ಯಾರಿಗೆ ಗೊತ್ತಾಗತೈತಿ?”

“ಮಗಳ ಸೀಮಂತದ ಕುಬಸದಾಗ ಅಂದಿಯಲ್ಲ! ಗಂಡನ ಹೆಸರು ಹಾಕಿ ಒಡಪು ಹೇಳು ಅಂತ ನಾನ ಬೆನ್ನ ಹತ್ತಿದ್ದೆ,” ಎಂದೆ.

ಕುಬಸದ ಆ ವಿಡಿಯೋ ಫೇಸ್‌ಬುಕ್ಕಿನಲ್ಲಿ ಕೌದಿ ಫೋಟೋಗಳ ನಡುವೆಯೇ ಇತ್ತು. ಸುಚೇತಾ ಹಚ್ಚಿದಳು:

“ರೊಟ್ಟಿ ಮ್ಯಾಲ ಕೆನಿಮೊಸರು, ಬ್ಯಾಳಿ ಮ್ಯಾಲ ತುಪ್ಪ, ಹೊಟ್ಟಿ ತುಂಬಿದ್ರೂ ಇನ್ನೊಂದು ಅಂತಾರ ನಿಜಗುಣಪ್ಪ!”

“ನಂಬರು ಕೌದಿ ಕೆಳಗ ಅದ, ಹೆಸರು ಒಡಪಿನ್ಯಾಗ ಅದ. ಕಳ್ಳಗ ಒಳಗ ಹೋಗಾಕ ಇನ್ನೇನು ಬೇಕ್ರಿ?” ಎಂದಳು ಸುಚೇತಾ.

“ಹಂಗಾದ್ರ ಈ ಫೋನ ಬ್ಯಾಡ. ಒಲಿಗೆ ಹಾಕತೇನಿ!”

“ಕಳ್ಳ ಬಂದ ಅಂತ ಮನಿ ಸುಡತಾರೇನ? ಕೀಲಿ ಬದಲ ಮಾಡ,” ಎಂದೆ.

‘ಪಾಸ್‌ವರ್ಡ್ ಮರೆತಿದೆ’ ಎಂಬುದನ್ನು ಒತ್ತಿದಾಗ ಚನ್ನವ್ವನ ಫೋನಿಗೆ ಒಂದು ಸಂಖ್ಯೆ ಬಂತು.

“ಇದನ್ನ ಯಾರು ಕೇಳಿದ್ರೂ ಹೇಳಬ್ಯಾಡ್ರಿ, ನನಗೂ. ನೀವ ಒತ್ತರಿ.”

ಬಾಗಿಲು ತೆರೆಯಿತು! ಹೊಸ ಪಾಸ್‌ವರ್ಡ್ ಹಾಕಿ, ಬೇರೆ ಫೋನಿನಲ್ಲಿ ಕೂತಿದ್ದ ಕಳ್ಳನನ್ನು ಹೊರಗೆ ದಬ್ಬಿದರು. ಪೊಲೀಸರಿಗೆ ದೂರು ಕೊಡಲು ಸ್ಕ್ರೀನ್‌ಶಾಟ್ ತೆಗೆದಿಟ್ಟು, ಹೊಲಸು ಫೋಟೋ ಅಳಿಸಿದರು. ಎರಡನೆಯ ಕೀಲಿಯಂತೆ ಎರಡು ಹಂತದ ಪರಿಶೀಲನೆ ಹಚ್ಚಿದರು. ಮನೆಯ ವಿಡಿಯೋ ಪರಿಚಯದವರಿಗಷ್ಟೇ ಕಾಣುವಂತೆ ಮಾಡಿದರು.

ಅಷ್ಟರಲ್ಲಿ ಬೀಗಿತ್ತಿ ತಾಯವ್ವನ ಫೋನು. ಚನ್ನವ್ವನ ಎದೆಬಡಿತ ಕಿತ್ತೂರಿನವರೆಗೆ ಕೇಳಿಸಿತು.

“ಚನ್ನವ್ವಾರ, ಅದು ನಿಮ್ಮ ಕೆಲಸ ಅಲ್ಲ ಅಂತ ನೋಡಿದ ಕೂಡಲೆ ತಿಳೀತ್ರಿ. ಐಶ್ವರ್ಯಾ ಆರಾಮ ಕುಂತು ಕೂಸಿಗೆ ಎಣ್ಣಿ ಹಚ್ಚಾಕತ್ತಾಳ. ಚಿಂತಿ ಬಿಡ್ರಿ.”

ಚನ್ನವ್ವ ಅಲ್ಲೇ ನೆಲಕ್ಕೆ ಕುಸಿದು ಕೂತು ನಕ್ಕಳು.

“ಹೊಸಾದು ಏನಿಟ್ಟಿ?” ಕಿವಿಯಲ್ಲಿ ಕೇಳಿದೆ.

“ಒಡಪು ಬೇಕಾದ್ರ ಹತ್ತು ಹೇಳತೇನಿ. ಅದನ್ನ ಮಾತ್ರ ಹೇಳಂಗಿಲ್ಲ ನೋಡಬೇ ಆಯಿ!”

ಅವ್ವಂದಿರೇ, ಅಕ್ಕಂದಿರೇ, ನಿಮ್ಮ ಪಾಸ್‌ವರ್ಡ್ ಗಂಡನ ಹೆಸರೋ, ಮಗುವಿನ ಹೆಸರೋ, ಹುಟ್ಟಿದ ದಿನವೋ ಆಗಿದ್ದರೆ ಈ ಕಾಗದ ಕೆಳಗಿಡುವ ಮೊದಲೇ ಬದಲಿಸಿರಿ. ಗಂಡನ ಹೆಸರನ್ನು ಊರೆಲ್ಲ ಕೇಳುವಂತೆ ಒಡಪಿನಲ್ಲಿ ಹೇಳಿರಿ. ಪಾಸ್‌ವರ್ಡನ್ನು ಆ ಗಂಡನಿಗೂ ಹೇಳಬೇಡಿರಿ!