ಹಿಂಬಾಗಿಲ ಚೀಲ

ಶನಿವಾರ ಬೆಳಿಗ್ಗೆ ಮುಂಬಾಗಿಲನ್ನು ಯಾರೋ ಮೂರು ಸಲ ಬಡಿದರು. ಬೇಕಾದವರು ಒಂದು ಸಲ ಬಡಿದು ಹೆಸರು ಕೂಗುತ್ತಾರೆ. ಮೂರು ಸಲ ಬಡಿದು ಸುಮ್ಮನೆ ನಿಲ್ಲುವವರು ಕಚೇರಿಯವರು. ಸಿಂಕಿನಲ್ಲಿ ಸೊಪ್ಪು ತೊಳೆಯುತ್ತಿದ್ದ ಅರ್ನೆಸ್ಟೀನ್ ಟಬ್ಸ್ ಕೈ ಒರೆಸಿಕೊಳ್ಳುವಷ್ಟರಲ್ಲಿ ರಾಸ್ಕೋ ಎದ್ದಾಗಿತ್ತು. ಅವನು ಕುಡಿಯುತ್ತಿದ್ದ ಕಾಫಿಯ ಕಪ್ಪನ್ನು ಸಿಂಕಿನ ನೀರಿನಲ್ಲಿ ಮುಳುಗಿಸಿ, ಹಿಂಬಾಗಿಲ ಮೊಳೆಯಲ್ಲಿ ತೂಗುತ್ತಿದ್ದ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿ ಹಿತ್ತಲ ಓಣಿಗೆ ಇಳಿದುಬಿಟ್ಟ.

ಚೀಲದಲ್ಲಿ ಅವನ ರೇಜರ್, ಹಲ್ಲುಜ್ಜುವ ಬ್ರಷ್, ಬೂಟು, ಎರಡು ಅಂಗಿ ಇದ್ದವು. ಈ ಮನೆಯಲ್ಲಿ ಗಂಡಸಿದ್ದಾನೆ ಎಂದು ಹೇಳಬಲ್ಲ ವಸ್ತುಗಳು ಅವಷ್ಟೇ. ಅಮೆರಿಕದ ಮಿಲ್ವಾಕಿ ನಗರದ ಉತ್ತರ ಭಾಗದ ಆ ಬೀದಿಯಲ್ಲಿ ಇಂಥ ಚೀಲ ಇನ್ನೂ ಹಲವು ಹಿಂಬಾಗಿಲುಗಳಲ್ಲಿ ತೂಗುತ್ತಿತ್ತು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಮನೆ ಸರ್ಕಾರದ ವಸತಿ ಕಚೇರಿಗೆ ಸೇರಿದ್ದು. ಬಾಡಿಗೆ ಕರಾರಿನಲ್ಲಿ ಅರ್ನೆಸ್ಟೀನ್, ಮಗಳು ಲವಿನಿಯಾ, ಮೊಮ್ಮಗಳು ನೈಲಾ ಎಂದು ಮೂರು ಹೆಸರಿದ್ದವು; ಅದರಲ್ಲಿ ಹೆಸರಿಲ್ಲದವರು ಅಲ್ಲಿ ಇರುವಂತಿಲ್ಲ. ನೈಲಾಳ ತಂದೆ ರಾಸ್ಕೋ ಹತ್ತು ವರ್ಷದ ಹಿಂದೆ ಜೈಲಿನಲ್ಲಿದ್ದು ಬಂದವನು. ಅವನ ಹೆಸರೆತ್ತಿದರೆ ಎಲ್ಲಿ ಮನೆಯೇ ಕೈತಪ್ಪುತ್ತದೋ ಎಂಬ ಭಯದಲ್ಲಿ ಸೇರಿಸಿಕೊಳ್ಳಿ ಎಂದು ಕೇಳುವುದೇ ಆಗಿರಲಿಲ್ಲ. ಅದೇ ಭಯಕ್ಕೆ ಮದುವೆಯೂ ಮುಂದಕ್ಕೆ ಹೋಗುತ್ತ ಹೋಗುತ್ತ ನಿಂತೇ ಹೋಯಿತು. ಜುಲೈ ತಿಂಗಳಲ್ಲಿ ಲವಿನಿಯಾ ತೀರಿಕೊಂಡಳು. ಈಗ ನವೆಂಬರ್. ಕರಾರಿನಿಂದ ಅವಳ ಹೆಸರು ತೆಗೆಸಲು ತಾಯಿಗೆ ಇನ್ನೂ ಮನಸ್ಸು ಬಂದಿರಲಿಲ್ಲ.

ಬಾಗಿಲ ಹೊರಗೆ ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡ, ನಡುವಯಸ್ಸಿನ ಕಪ್ಪು ಹೆಂಗಸೊಬ್ಬಳು ನಿಂತಿದ್ದಳು.

"ಗ್ವೆಂಡಲಿನ್ ಪ್ರೂಯಿಟ್ ಅಂತ ನನ್ನ ಹೆಸರು ಅಮ್ಮಾ. ಸಮೀಕ್ಷೆಯವಳು. ನೀವು ಹೇಳಿದ್ದು ಬೇರೆ ಯಾವ ಕಚೇರಿಗೂ ಹೋಗಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ. ಒಳಗೆ ಬಾ, ಚಳಿಯನ್ನೂ ಕರ್ಕೊಂಡು ಬರಬೇಡ."

ಗ್ವೆಂಡಲಿನ್ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಟ್ಯಾಬ್ಲೆಟ್ ತೆರೆದಳು. ಏಳು ವರ್ಷದ ನೈಲಾ ಸ್ಟೂಲಿನ ಮೇಲೆ ನಿಂತು ಸೊಪ್ಪಿನ ದಂಟು ಮುರಿಯುತ್ತಿದ್ದಳು. ಅರ್ನೆಸ್ಟೀನ್ ಕೂರಲಿಲ್ಲ. ಒಲೆಯ ಹತ್ತಿರ ಹೋದಳು, ಕಿಟಕಿಯ ಹತ್ತಿರ ಬಂದಳು. ಓಣಿಯಲ್ಲಿ ಗಾಳಿ ಜೋರಾಗಿತ್ತು. ರಾಸ್ಕೋ ಮೈಮೇಲೆ ಕೋಟಿರಲಿಲ್ಲ.

"ಏನಕ್ಕೆ ಇದೆಲ್ಲ?"

"ಯಾವ ಊರಲ್ಲಿ ಯಾವ ಥರದ ಸಂಸಾರ ಎಷ್ಟಿವೆ, ಅದಕ್ಕೂ ಬಡತನಕ್ಕೂ ಏನು ಸಂಬಂಧ ಅಂತ ನೋಡ್ತಾರೆ. ಗಂಡ ಹೆಂಡತಿ ಇಬ್ಬರೂ ಇರೋ ಮನೆ, ಹೆಂಗಸೊಬ್ಬಳೇ ನಡೆಸೋ ಮನೆ, ಅಜ್ಜಿ ಮೊಮ್ಮಕ್ಕಳ ಮನೆ. ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಎಲ್ಲ ಕಡೆ ಇದೇ ಪ್ರಶ್ನೆ."

"ಅದನ್ನ ತಿಳ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಾ? ನನ್ನ ಕೇಳಿದ್ರೆ ನಿಂತ ಕಾಲಲ್ಲೇ ಹೇಳ್ತಿದ್ದೆ."

ಗ್ವೆಂಡಲಿನ್ ನಕ್ಕಳು. "ಅದನ್ನ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ. ಹೇಳಿ, ಈ ಮನೆಯಲ್ಲಿ ಎಷ್ಟು ಜನ ಇದ್ದೀರಿ?"

"ಮೂರು," ಎಂದಳು ಅರ್ನೆಸ್ಟೀನ್. "ನಾನು, ಲವಿನಿಯಾ, ನೈಲಾ."

ವರ್ಷ ವರ್ಷ ವಸತಿ ಕಚೇರಿಯಲ್ಲಿ ಹೇಳಿ ಹೇಳಿ ನಾಲಿಗೆಗೆ ಅಂಟಿದ ಮಾತು ತಾನಾಗಿ ಹೊರಬಿದ್ದಿತ್ತು.

"ಗಂಡಸರು ಯಾರಾದ್ರೂ?"

"ಇಲ್ಲ."

"ಲವಿನಿಯಾ ಅಂದ್ರೆ ಮಗಳಾ? ಹೋದ ವಾರ ಕೆಲಸಕ್ಕೆ ಹೋಗಿದ್ರಾ?"

ಆಗ ಅರ್ನೆಸ್ಟೀನಳಿಗೆ ತಾನು ಆಡಿದ್ದು ಕೇಳಿಸಿತು. ಒಲೆಯ ಅಂಚನ್ನು ಹಿಡಿದುಕೊಂಡಳು. ದಂಟು ಮುರಿಯುವ ಸದ್ದು ನಿಂತಿತ್ತು.

"ಅಜ್ಜಿ," ಎಂದಳು ನೈಲಾ ಮೆಲ್ಲಗೆ, "ಅಮ್ಮನ್ನ ಬರೆಸಬಹುದು ಅಂದ್ರೆ ಅಪ್ಪನ್ನ ಯಾಕೆ ಬರೆಸಬಾರದು?"

ಮೇಜಿನ ಬಳಿಯ ಹೆಂಗಸು ತಲೆ ಎತ್ತಲಿಲ್ಲ. ಅವಳ ಬೆರಳು ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಹಾಗೇ ನಿಂತಿತ್ತು.

ಪ್ರತಿ ಭಾನುವಾರ ಬಿಳಿ ಕೈಗವಸು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕರೆಯುವ ಹೆಂಗಸು ಅರ್ನೆಸ್ಟೀನ್. ನಾಳೆಯೂ ಅವಳದೇ ಸರದಿ. ಕಾಯಿಲೆಯಲ್ಲಿ ಲವಿನಿಯಾಳಿಗೆ ಕೈ ಎತ್ತಲಾಗದೆ ಹೋದಾಗ ರಾಸ್ಕೋ ದಿನಾ ಅವಳ ತಲೆ ಬಾಚುತ್ತಿದ್ದ. ನರ್ಸ್ ಬಂದು ಬಾಗಿಲು ಬಡಿದರೆ ಬಾಚಣಿಗೆಯನ್ನು ಅತ್ತೆಯ ಕೈಗಿತ್ತು ಓಣಿಗೆ ಓಡುತ್ತಿದ್ದ. ಅವಳು ಪ್ರಾಣ ಬಿಟ್ಟ ಗಳಿಗೆಯಲ್ಲೂ ನರ್ಸ್ ಮನೆಯಲ್ಲಿದ್ದಳು. ಅವನು ಹೊರಗಿದ್ದ.

ಕರ್ತನೇ, ನಾನು ಸತ್ತವಳನ್ನು ಬದುಕಿಸಿದೆ, ಬದುಕಿರುವವನನ್ನು ಅಳಿಸಿದೆ ಎಂದುಕೊಂಡಳು. ಹೋಗಿ ಹಿಂಬಾಗಿಲು ತೆರೆದಳು.

ಹಾಲಿನ ಖಾಲಿ ಕ್ರೇಟನ್ನು ಬೋರಲು ಹಾಕಿ, ಗ್ಯಾರೇಜಿನ ಗೋಡೆಗೆ ಒತ್ತಿಕೊಂಡು ರಾಸ್ಕೋ ಕುಳಿತಿದ್ದ. ಬರಿಗಾಲಿಗೇ ಬೂಟು ತೊಟ್ಟಿದ್ದ.

"ಹೋದ್ರಾ?"

"ಇಲ್ಲೇ ಇದ್ದಾರೆ. ಒಳಗೆ ಬಾ."

"ತಲೆ ನೆಟ್ಟಗಿದೆ ತಾನೇ ಮಿಸ್ ಅರ್ನೆಸ್ಟೀನ್?"

"ಇವತ್ತಿಗೆ ನೆಟ್ಟಗಾಯ್ತು. ಬಾ ಅಂದ್ರೆ ಬಾ, ಹುಡುಗಿ ಕಾಯ್ತಿದ್ದಾಳೆ."

ಅವನು ಬಾಗಿಲೊಳಗೆ ಬಂದು, ಓಡಲು ಅಣಿಯಾದವನಂತೆ ಚೀಲ ಹಿಡಿದೇ ನಿಂತ. ಅರ್ನೆಸ್ಟೀನ್ ಮೇಜಿನತ್ತ ತಿರುಗಿದಳು.

"ಮೊದಲು ಹೇಳಿದ್ದನ್ನ ಹೊಡೆದುಹಾಕಮ್ಮ. ಲವಿನಿಯಾ ಜುಲೈನಲ್ಲಿ ತೀರಿಕೊಂಡ್ಳು. ಇವನು ರಾಸ್ಕೋ ಮೇಫೀಲ್ಡ್. ಇಲ್ಲೇ ಇರೋದು, ಇಲ್ಲೇ ಉಣ್ಣೋದು. ಬರಿ."

ಗ್ವೆಂಡಲಿನ್ ಲವಿನಿಯಾಳ ಹೆಸರನ್ನು ಅಳಿಸಿದಳು. "ತುಂಬಾ ಬೇಜಾರಾಯ್ತು ಅಮ್ಮಾ. ಸಂಬಂಧ ಏನಂತ ಬರೀಲಿ? ಅಳಿಯ?"

"ಮದುವೆ ಆಗ್ಲಿಲ್ಲ," ಎಂದ ರಾಸ್ಕೋ.

"ಹಾಗಾದ್ರೆ ಇದ್ರಲ್ಲಿ ಇರೋದು ಇಷ್ಟೇ. ಬಾಡಿಗೆಗಿರುವವರು, ಜೊತೆಗಾರರು, ಸಂಬಂಧವಿಲ್ಲದವರು."

"ಸಂಬಂಧವಿಲ್ಲದವನಾ?" ಅರ್ನೆಸ್ಟೀನಳ ದನಿ ಏರಿತು. "ನನ್ನ ಮಗಳ ತಲೆ ಬಾಚಿದ ಕೈ ಅದು! ಅಳಿಯ ಅಂತ ಬರಿ. ಕರ್ತನ ಮುಂದೆ ನಾನು ಉತ್ತರ ಹೇಳ್ಕೋತೀನಿ."

ಗ್ವೆಂಡಲಿನ್ ಹಾಗೆಯೇ ಬರೆದಳು. ಉಳಿದ ಪ್ರಶ್ನೆಗಳನ್ನು ಬೇಗ ಮುಗಿಸಿ, ಹೊಸ್ತಿಲಲ್ಲಿ ಅರ್ನೆಸ್ಟೀನಳ ಕೈ ಹಿಡಿದು ಒತ್ತಿ ಹೊರಟುಹೋದಳು.

ಬಾಗಿಲು ಮುಚ್ಚಿದ ಮೇಲೆ ರಾಸ್ಕೋ ಕೇಳಿದ: "ಈಗೇನು?"

"ಸೋಮವಾರ ವಸತಿ ಕಚೇರಿಗೆ ಹೋಗೋಣ. ಅವಳ ಹೆಸರು ತೆಗೆಸ್ತೀನಿ. ನಿನ್ನ ಹೆಸರು ಸೇರಿಸ್ಕೊಳ್ಳಿ ಅಂತ ಬರೆದು ಕೊಡ್ತೀನಿ."

"ಆಗಲ್ಲ ಅಂದ್ರೆ?"

"ಆಗಲ್ಲ ಅಂತ ಅವರ ಬಾಯಿಂದ ಕೇಳೋಣ. ಇಷ್ಟು ವರ್ಷ ಅದನ್ನ ನಮಗೆ ನಾವೇ ಹೇಳ್ಕೊಂಡಿದ್ದು."

ಅವಳು ಚೀಲವನ್ನು ಅವನ ಕೈಯಿಂದ ಬಿಡಿಸಿಕೊಂಡು, ರೇಜರನ್ನೂ ಬ್ರಷ್ಷನ್ನೂ ಬಚ್ಚಲುಮನೆಯಲ್ಲಿಟ್ಟು ಬಂದಳು. ಆದರೂ ಜೀವಕ್ಕೆ ನೆಮ್ಮದಿಯಿಲ್ಲ. ತೊಳೆದ ಸೊಪ್ಪನ್ನೇ ಇನ್ನೊಮ್ಮೆ ತೊಳೆದಳು. ಬೀದಿಯಲ್ಲಿ ಕಾರು ನಿಂತ ಸದ್ದಾದಾಗಲೆಲ್ಲ ಇಬ್ಬರೂ ಬಾಗಿಲತ್ತ ನೋಡಿದರು. ಸೋಮವಾರಕ್ಕೆ ಇನ್ನೂ ಎರಡು ದಿನವಿತ್ತು.

ಮಧ್ಯಾಹ್ನ ಊಟಕ್ಕೆ ಕುಳಿತಾಗಲೂ ರಾಸ್ಕೋ ಬೂಟು ಕಳಚಿರಲಿಲ್ಲ. ನೈಲಾ ಮೇಜಿನ ಕೆಳಗೆ ಇಳಿದು ಒಂದು ಬೂಟಿನ ದಾರ ಬಿಚ್ಚಿದಳು.

"ಇನ್ನೊಂದು ಇರ್ಲಿ ಬಿಡು ಮಗಾ," ಎಂದ ಅವನು.

ಅವಳು ಅದಕ್ಕೂ ಕೈ ಹಾಕಿದಳು.