ವರ್ನಾಳ ಮೇ ತಿಂಗಳ ಮೀನು

ಆರ್ವಿಲ್ ಚಮಚದಿಂದ ಕಾಫಿ ಲೋಟಕ್ಕೆ ಟಣಟಣ ಬಡಿಯುತ್ತಾ ಎದ್ದಾಗಲೇ ಕೊರಿನ್‌ಗೆ ಗೊತ್ತಾಯಿತು, ದೊಡ್ಡಪ್ಪ ಆ ಮಾತು ಹೇಳದೆ ಕೂರುವುದಿಲ್ಲ. ಬೆಳಿಗ್ಗೆಯಷ್ಟೇ ಅವಳ ತಾಯಿ ವರ್ನಾಳನ್ನು ಮಣ್ಣು ಮಾಡಿ ಬಂದಿದ್ದರು. ಚರ್ಚಿನ ನೆಲಮಾಳಿಗೆಯಲ್ಲಿ ಊರಿಗೆ ಊರೇ ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆ ಹಿಡಿದು ಕೂತಿತ್ತು.

"ನಮ್ಮ ವರ್ನಾ ಇಷ್ಟು ವರ್ಷ ಈ ಊರಿನ ಮಕ್ಕಳಿಗೆ ಸ್ಕೂಲಲ್ಲಿ ಅಡುಗೆ ಮಾಡಿ ಹಾಕಿದ್ಲು," ಎಂದ ಆರ್ವಿಲ್. "ಅವಳ ಸೂಪಲ್ಲಿ ಉಪ್ಪು ಹೆಚ್ಚಾಗಿದ್ದು ಯಾರಿಗಾದ್ರೂ ನೆನಪಿದ್ಯಾ? ಇಲ್ಲ. ಒಂದು ಸುಳ್ಳು ಹೇಳಿದ್ದು? ಅದೂ ಇಲ್ಲ." ಒಂದು ಗುಟುಕು ಕುಡಿದು ಸುತ್ತ ನೋಡಿದ. "ಮೇ ತಿಂಗಳು ಬಿಟ್ಟು!"

ನೆಲಮಾಳಿಗೆಯೆಲ್ಲ ಘೊಳ್ಳೆಂದು ನಕ್ಕಿತು.

ಮೊಂಟಾನಾದ ಆ ಕಣಿವೆಯಲ್ಲಿ ಮೇ ಬಂತೆಂದರೆ ಬೆಟ್ಟದ ಹಿಮ ಕರಗಿ ಹೊಳೆ ಕೆಂಪಗೆ ಉಕ್ಕುತ್ತದೆ. ಟ್ರೌಟ್ ಮೀನು ಹಿಡಿಯುವವರೆಲ್ಲ ಗಾಳ ಒರೆಸಿ ಮೂಲೆಗಿಟ್ಟು, ನೀರು ತಿಳಿಯಾಗುವವರೆಗೆ ಕಾಯುತ್ತಾರೆ. ಪರವೂರಿನವರನ್ನು ದೋಣಿಯಲ್ಲಿ ಕೂರಿಸಿಕೊಂಡು ಮೀನು ಹಿಡಿಸುವುದು ಆರ್ವಿಲ್‌ನ ಕಸುಬು. ಅವನೂ ದೋಣಿ ಬೋರಲು ಹಾಕುತ್ತಾನೆ. ವರ್ನಾ ಮಾತ್ರ ಆಗಲೇ ಹೊರಡುತ್ತಿದ್ದಳು, ಅದೂ ಒಬ್ಬಳೇ. ಸಂಜೆ ಬಂದು "ಎರಡು ಸಿಕ್ಕವು, ಬಿಟ್ಟುಬಿಟ್ಟೆ" ಎನ್ನುತ್ತಿದ್ದಳು. ಹಿಡಿದ ಮೀನನ್ನು ನೀರಿಗೆ ಬಿಡುವುದು ಅಲ್ಲಿ ಎಲ್ಲರ ರೂಢಿಯೇ, ಆದರೆ ಆ ಎರಡನ್ನು ಕಂಡವರು ಯಾರು?

ಬದುಕಿದ್ದಾಗ ವರ್ನಾ ಆ ನಗೆಯಲ್ಲಿ ತಾನೂ ಸೇರಿಬಿಡುತ್ತಿದ್ದಳು. ಇದೂ ಮೇ ತಿಂಗಳೇ, ಆದರೆ ಇವತ್ತು ಅವಳಿಲ್ಲ. ಅಮ್ಮನಿಗೆ ಸುಳ್ಳುಗಾತಿ ಎಂಬ ಹೆಸರು ಕೊನೆಗೂ ಅಂಟಿಕೊಂಡೇ ಉಳಿಯುವುದು ಕೊರಿನ್‌ಗೆ ಸಹಿಸಲಾಗಲಿಲ್ಲ.

"ದೊಡ್ಡಪ್ಪ, ಏಳಿ. ಹೊಳೆಗೆ ಹೋಗೋಣ."

"ಈಗಲೇನೇ? ಹಣ್ಣಿನ ಪೈ ಇನ್ನೂ ಬಡಿಸಿಲ್ಲ!"

"ಪೈ ಈಜ್ಕೊಂಡು ಹೋಗಲ್ಲ. ಬನ್ನಿ, ಒಂದು ಮೀನು ಹಿಡಿದು ತೋರಿಸ್ತೀನಿ."

"ಈ ನೀರಲ್ಲಾ? ಅದರಲ್ಲಿ ಮರದ ದಿಮ್ಮಿ ಸಿಗುತ್ತೆ, ಯಾರದಾದ್ರೂ ಬೇಲಿ ಸಿಗುತ್ತೆ. ಮೀನು ಎಲ್ಲಿಂದ ಬರಬೇಕು?"

"ಸಿಗದಿದ್ರೆ ಎಲ್ಲರೆದುರು ನಾನೇ ಒಪ್ಕೋತೀನಿ, ನಮ್ಮಮ್ಮ ಸುಳ್ಳು ಹೇಳ್ತಿದ್ಲು ಅಂತ."

ಊರಿನವರಿಗೆ ಪೈಗಿಂತ ಪಂಥ ರುಚಿ. ಕುರ್ಚಿಗಳು ಆಗಲೇ ಸದ್ದು ಮಾಡುತ್ತಿದ್ದವು. ಪಕ್ಕದಲ್ಲೇ ಕೂತಿದ್ದ ಅಪ್ಪ ಲೈಲ್ ಮೆಲ್ಲಗೆ ಅಂದ, "ಗಾಳ ಟ್ರಕ್ಕಲ್ಲೇ ಇದೆ ಪುಟ್ಟಿ. ಅವಳಿಟ್ಟ ಹಾಗೇ ಇದೆ."

"ನೀನು ನಂಬಿದ್ಯಾ ಅಪ್ಪ, ಅಮ್ಮನ್ನ?"

"ಸಂಜೆ ಬಂದಾಗ ಅವಳ ಬಲತೋಳು ಮೊಣಕೈವರೆಗೂ ತೊಪ್ಪೆಯಾಗಿರೋದು, ಮೀನನ್ನ ನೀರಿಗೆ ಬಿಟ್ಟ ಹಾಗೆ, ಎಡದ್ದು ಒಣಗಿರೋದು. ಸುಳ್ಳು ಹೇಳೋರು ಹಾಗೆ ನೆನೆಯಲ್ಲ."

"ಮತ್ತೆ ದೊಡ್ಡಪ್ಪಂಗೆ ಯಾಕೆ ಹೇಳಲಿಲ್ಲ?"

"ಅವನು ಕೇಳ್ತಿದ್ದಿದ್ದು ನಗೋಕೆ, ತಿಳ್ಕೊಳ್ಳೋಕಲ್ಲ."

*

ಕೊರಿನ್ ಚಿಕ್ಕವಳಿದ್ದಾಗ ಒಂದು ಮೇ ತಿಂಗಳಲ್ಲಿ ವರ್ನಾ ಅವಳನ್ನು ಹೊಳೆಗೆ ಕರೆದುಕೊಂಡು ಹೋಗಿದ್ದಳು. ಟ್ರಕ್ಕಿನಿಂದ ಹಾರಿದ್ದೇ ಹುಡುಗಿ ಓಡಿಹೋಗಿ, ಮುಳುಗಿದ್ದ ಹುಲ್ಲಿನಲ್ಲಿ ಮಂಡಿಯುದ್ದ ನೀರಿಗಿಳಿದು, ಹೊಳೆಯ ನಡುವಿಗೆ ದಾರ ಬೀಸಿದಳು. ಬೀಸಿದಳು, ಬೀಸಿದಳು, ತೋಳು ಬಿದ್ದುಹೋಯಿತು. ವರ್ನಾ ದೂರದ ಬಂಡೆಯ ಮೇಲೆ ಕೂತು ಸೇಬು ತಿನ್ನುತ್ತಿದ್ದಳು.

"ಎಲ್ಲಮ್ಮ ನಿನ್ನ ಮೀನು?"

"ಇತ್ತು. ನೀನು ಅದರ ಮನೆ ಮೇಲೇ ನಿಂತಿದ್ದೀಯಲ್ಲ."

ಕೊರಿನ್‌ಗೆ ಅದು ನೆಪವಾಗಿ ಕೇಳಿಸಿತು. ಮುಖ ಊದಿಸಿಕೊಂಡು ಮನೆಗೆ ಬಂದಳು. ಮುಂದಿನ ಮೇ ತಿಂಗಳಲ್ಲಿ ಕರೆದರೆ ಹೋಗಲಿಲ್ಲ, ಆಮೇಲೆ ವರ್ನಾ ಕರೆಯಲೂ ಇಲ್ಲ. ಬೆಳೆದು ರಸ್ತೆಯ ಹಿಮ ಗೋರುವ ಲಾರಿ ಓಡಿಸುವ ಕೆಲಸಕ್ಕೆ ಸೇರಿದ ಮೇಲಂತೂ ಗಾಳ ಮುಟ್ಟಿದ್ದೇ ಕಡಿಮೆ.

*

ಹೊಳೆ ಭೋರ್ಗರೆಯುತ್ತಿತ್ತು. ಬುಡಸಮೇತ ಕಿತ್ತ ಮರವೊಂದು ತಿರುತಿರುಗಿ ಹೋಯಿತು. ಶವಸಂಸ್ಕಾರದ ಕರಿ ಬಟ್ಟೆಯಲ್ಲೇ ಬಂದ ಜನ ರಸ್ತೆಯಂಚಿನಲ್ಲಿ ಸಾಲಾಗಿ ನಿಂತರು. ಕೊರಿನ್ ಆ ನೀರನ್ನು ನೋಡಿ ನಿಂತಲ್ಲೇ ನಿಂತಳು. ಇದರಲ್ಲಿ ಯಾವ ಮೀನು ನಿಂತೀತು?

"ಹೆದರ್ಕೊಂಡ್ಯಾ? ಬಾ, ಜಾಗ ತೋರಿಸ್ತೀನಿ," ಎಂದು ಆರ್ವಿಲ್ ತನ್ನ ಜೀವಮಾನದ ರೂಢಿಯಂತೆ ನೆಟ್ಟಗೆ ದಡಕ್ಕೆ ನಡೆದು, ನೀರು ನುಗ್ಗಿದ್ದ ಹುಲ್ಲಿನೊಳಗೆ ಹೊಸ ಬೂಟು ಇಟ್ಟ. ಅವನ ಕಾಲ ಸಂದಿಯಿಂದ ಕಪ್ಪನೆಯದೊಂದು ಛಂಗನೆ ಎದ್ದು, ನೀರು ಸೀಳಿಕೊಂಡು ಹೋಯಿತು. ಆರ್ವಿಲ್ ಹಿಂದಕ್ಕೆ ಕುಕ್ಕರಿಸಿ ಬಿದ್ದ.

"ನೀರುನಾಯಿ!" ಎಂದು ರಸ್ತೆಯಿಂದ ಯಾರೋ ಕೂಗಿದರು.

ಅದು ನೀರುನಾಯಿಯಲ್ಲ, ಮೀನು ಎಂದು ಆರ್ವಿಲ್‌ಗೆ ಗೊತ್ತಿತ್ತು.

ಕೊರಿನ್‌ಗೂ ಆಗ ತಿಳಿಯಿತು. ನಡುನೀರಿನ ಸೆಳೆತಕ್ಕೆ ನಿಲ್ಲಲಾರದೆ ಹೊಳೆಯ ಮೀನೆಲ್ಲ ಅಂಚಿನ ಹುಲ್ಲಿಗೆ ಬಂದು ಸೇರಿದೆ. ಊರಿನ ಜಾಣರೆಲ್ಲ ಅವುಗಳ ನೆತ್ತಿಯ ಮೇಲೆ ನಿಂತುಕೊಂಡೇ ಹೊಳೆಯಲ್ಲಿ ಮೀನಿಲ್ಲ ಎನ್ನುತ್ತಿದ್ದಾರೆ! ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅಮ್ಮಾ, ಇನ್ನೊಂದು ಸಲ ಕರೆಯಬಾರದಿತ್ತೇ!

ಶೂ ಕಳಚಿ, ಅಮ್ಮನ ಗಾಳ ಹಿಡಿದು, ಹರಿವಿನ ಎದುರು ದಿಕ್ಕಿಗೆ ನಡೆದಳು. ದಡ ಇನ್ನೂ ದೂರವಿರುವಾಗಲೇ ಮಂಡಿಯೂರಿ ತೆವಳಿದಳು. ಕೊಕ್ಕೆಗೆ ಕರಿ ಉಣ್ಣೆ ಸುತ್ತಿ ವರ್ನಾ ಮಾಡಿಟ್ಟಿದ್ದ ಹುಳು ದಾರದ ತುದಿಯಲ್ಲಿತ್ತು. ಅದನ್ನು ನಡುವಿಗೆ ಬೀಸದೆ ಹುಲ್ಲಿನ ಬುಡಕ್ಕೆ ಮೆತ್ತಗೆ ಇಳಿಬಿಟ್ಟಳು. ತುದಿಯೊಂದು ಬಿಟ್ಟು ದಾರವೆಲ್ಲ ನೆಲದ ಮೇಲೆಯೇ ಬಿದ್ದಿತ್ತು. ಮೊದಲ ಸಲ ಏನೂ ಇಲ್ಲ. ಎರಡನೇ ಸಲ ಕಡ್ಡಿಗೆ ಸಿಕ್ಕಿತು. ರಸ್ತೆಯ ಮೇಲೆ ಯಾರೋ ಕೆಮ್ಮಿದರು. ಮತ್ತೆ ಬಿಟ್ಟಾಗ ಕೋಲು ಬಾಗಿತು.

"ಹೊಳೆಗೆ ಬಿಡಬೇಡ ಕಣೇ! ದಡಕ್ಕೆಳಿ, ದಡಕ್ಕೆ!" ಎಂದು ಅರಚಿದವನು ಆರ್ವಿಲ್ಲೇ.

ಎಳೆದಳು. ಮೊಣಕೈಯುದ್ದದ ಟ್ರೌಟ್, ಹೊಟ್ಟೆ ಹಳದಿ, ಮೈಮೇಲೆ ಕೆಂಪು ಚುಕ್ಕೆ, ನೀರಂಚಿನಲ್ಲಿ ಅವಳ ಅಂಗೈ ಮೇಲೆ ಉಸಿರಾಡುತ್ತಾ ಮಲಗಿತ್ತು. ರಸ್ತೆಯಿಂದ ಜನ ದಡದಡ ಇಳಿದರು. ಕೊರಿನ್ ಇನ್ನೊಂದು ಕೈ ಎತ್ತಿದಳು.

"ಅಲ್ಲೇ ನಿಲ್ಲಿ! ನೋಡೋದಾದ್ರೆ ಮಂಡಿಯೂರಿ ಬನ್ನಿ."

ಮೀನು ಬಿಟ್ಟು ಬಹಳ ಹೊತ್ತಾದ ಮೇಲೆ, ಚರ್ಚಿಗೆ ಬೀಗ ಹಾಕಿ ಪಾದ್ರಿಯಮ್ಮ ಬಂದಳು. ಅವಳ ಪ್ರಾರ್ಥನೆಗೆ ಬೆಂಚಿನಿಂದ ಏಳಲೂ ಗೊಣಗುವ ಜನರೆಲ್ಲ ಕರಿ ಬಟ್ಟೆಯಲ್ಲಿ, ಕೆಸರಿನಲ್ಲಿ, ಉಸಿರು ಬಿಗಿಹಿಡಿದು ಮಂಡಿಯೂರಿದ್ದರು. ಎಲ್ಲರಿಗಿಂತ ಮುಂದೆ ಆರ್ವಿಲ್. ಅವಳ ಹೆಜ್ಜೆ ಸದ್ದಿಗೆ ಅವನು ತಿರುಗಿ ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲಗಮ್ಮಾ," ಎಂದು ಪಿಸುಗುಟ್ಟಿದ. "ದಡದಲ್ಲಿ ಮೀನಿದೆ."